ಕಲೆ ತೆಗೆಯುವವಳು

ನನ್ನ ಅತ್ತಿಗೆಯ ಎದುರು ಸುಳ್ಳು ಹೇಳಿ ದಕ್ಕಿಸಿಕೊಂಡವರನ್ನು ನಾನಿನ್ನೂ ನೋಡಿಲ್ಲ. ಹಾಗಂತ ಅವಳೇನು ಮುಖ ನೋಡಿ ಮನಸ್ಸು ಓದುವವಳಲ್ಲ. ಮುಖ ನೋಡಿ ಮೋಸ ಹೋಗುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಅಂಗಿಯ ತೋಳೋ ಕೋಟಿನ ಜೇಬೋ ಕೈಗೆ ಸಿಕ್ಕರೆ ಮುಗಿಯಿತು. ಬೆಳಕಿಗೆ ಹಿಡಿಯುತ್ತಾಳೆ, ಒಳಮೈ ಹೊರಗೆ ಮಾಡುತ್ತಾಳೆ, ಒಂದು ಸಲ ಮೂಸುತ್ತಾಳೆ. “ಇದು ಕಾಫಿ ಅಲ್ಲ, ಮುಲಾಮು,” ಎನ್ನುತ್ತಾಳೆ. ಕಾಫಿ ಎಂದು ಬರೆಸಿ ಹೋದ ಮನುಷ್ಯ ಸಂಜೆ ಬಂದು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಾನೆ.

ನಾವಿಬ್ಬರೂ ಒಂದೇ ಲಾಂಡ್ರಿಯಲ್ಲಿ ಕೆಲಸ ಮಾಡುವವರು. ನಾನು ಮುಂದಿನ ಕೌಂಟರಿನಲ್ಲಿ ಬಟ್ಟೆ ತೆಗೆದುಕೊಂಡು ಚೀಟಿ ಬರೆಯುತ್ತೇನೆ, ಅವಳು ಹಿಂದಿನ ಕೋಣೆಯಲ್ಲಿ ಕಲೆ ತೆಗೆಯುತ್ತಾಳೆ. ಅವಳು ನನಗೆ ಮೊದಲು ಜೊತೆಗೆಲಸದವಳು, ಆಮೇಲೆ ಅತ್ತಿಗೆ. ಅಣ್ಣನಿಗೆ ಅವಳನ್ನು ತೋರಿಸಿದವಳೂ ನಾನೇ, ಅವಳಿಗೆ ಅಣ್ಣನ ಗೊರಕೆಯ ವಿಷಯ ಮುಚ್ಚಿಟ್ಟವಳೂ ನಾನೇ. ಹಾಗಾಗಿ ನಮ್ಮಿಬ್ಬರ ನಡುವೆ ಬಹುವಚನ ಹುಟ್ಟಲೇ ಇಲ್ಲ.

ಹಿಂದಿನ ಕೋಣೆಗೆ ಒಂದೇ ಕಿಟಕಿ. ಕಲೆ ನೋಡಲು ಹಗಲಿನ ಬೆಳಕೇ ಬೇಕು ಎಂದು ಹಟ ಹಿಡಿದು ಇಸ್ತ್ರಿಯವರಿಂದ ಅವಳು ಕಿತ್ತುಕೊಂಡ ಜಾಗ ಅದು. ಕಿಟಕಿಯ ಕೆಳಗೆ ಸೊಂಟದೆತ್ತರದ ಮೇಜು, ಅದರ ಮೇಲೆ ದಪ್ಪನೆಯ ಬಿಳಿ ಹಾಸು. ಗೋಡೆಯ ಹಲಗೆಯ ಮೇಲೆ ಹನ್ನೊಂದು ಬಾಟಲಿಗಳು, ಒಂದಕ್ಕೂ ಹೆಸರಿನ ಪಟ್ಟಿ ಇಲ್ಲ. ಯಾವುದು ಏನೆಂದು ಅವಳಿಗೆ ಮಾತ್ರ ಗೊತ್ತು. ಒಂದು ಸಲ ನಾನು ಒರೆಸುವ ಉತ್ಸಾಹದಲ್ಲಿ ಬಾಟಲಿಗಳ ಸಾಲು ಬದಲಿಸಿದ್ದಕ್ಕೆ ಮೂರು ದಿನ ನನ್ನೊಡನೆ ಮಾತು ಬಿಟ್ಟಿದ್ದಳು.

ಪ್ರತಿ ಬಟ್ಟೆಗೂ ಒಂದು ಚೀಟಿ ಪಿನ್ ಮಾಡುವುದು ನಮ್ಮಲ್ಲಿಯ ಪದ್ಧತಿ. ಅದರಲ್ಲಿ ಮೂರು ಪ್ರಶ್ನೆ ಅಚ್ಚಾಗಿರುತ್ತವೆ: ಕಲೆ ಎಲ್ಲಿ, ಯಾವುದರಿಂದ, ಎಷ್ಟು ದಿನವಾಯಿತು. ಗಿರಾಕಿ ಹೇಳಿದ್ದನ್ನು ನಾನು ತುಂಬಿಸುತ್ತೇನೆ. ಚೀಟಿಯ ಹಿಂಬದಿ ಖಾಲಿ. ಕಲೆ ಹೋಗದಿದ್ದರೆ ಅಲ್ಲಿ ‘ಪ್ರಯತ್ನಿಸಿದೆವು, ಹೋಗಲಿಲ್ಲ’ ಎಂಬ ರಬ್ಬರ್ ಮೊಹರು ಒತ್ತಿ ಕಳಿಸಬೇಕು. ಆ ಮೊಹರು ಲಾಂಡ್ರಿಯ ಯಜಮಾನರ ಅಪ್ಪನ ಕಾಲದ್ದು. ಅತ್ತಿಗೆಗೆ ಅದನ್ನು ಕಂಡರೆ ಮೊದಲಿನಿಂದಲೂ ಆಗದು. “ಎರಡು ದಿನ ಗುದ್ದಾಡಿದ್ದೀನಿ. ಒಂದು ಮೊಹರು ಒತ್ತಿ ಮುಗಿಸೋದಾ?” ಎಂದವಳು ಒಂದು ದಿನ ಮೊಹರು ಪಕ್ಕಕ್ಕಿಟ್ಟು ಪೆನ್ನು ತೆಗೆದಳು.

ಆ ಮೊದಲ ಚೀಟಿ ನನಗೆ ಬಾಯಿಪಾಠ. ‘ನೀವು ಚಹಾ ಎಂದು ಬರೆಸಿದ್ದಿರಿ. ಎರಡು ದಿನ ಚಹಾದ ಮದ್ದನ್ನೇ ಹಾಕಿದೆ. ಇದು ಕೂದಲಿಗೆ ಹಚ್ಚುವ ಬಣ್ಣ. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ, ನಮ್ಮ ಯಜಮಾನರೂ ಹಚ್ಚುತ್ತಾರೆ. ಮೊದಲೇ ಹೇಳಿದ್ದರೆ ಕಾಲರು ಉಳಿಯುತ್ತಿತ್ತು.’

ಆ ಗಿರಾಕಿ ಕೌಂಟರಿನಲ್ಲೇ ನಿಂತು ಓದಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಮುಂದಿನ ವಾರ ಇನ್ನೊಂದು ಅಂಗಿ ತಂದು, ಕೇಳುವ ಮುಂಚೆಯೇ ನಿಜ ಬರೆಸಿದ. ಆಮೇಲೆ ಶುರುವಾಯಿತು ನೋಡಿ. ಕಲೆ ಹೋದವರೂ “ನಂಗೂ ಒಂದು ಚೀಟಿ ಬರೆಸಿಕೊಡಿ” ಎಂದು ಕೇಳತೊಡಗಿದರು. ಅವಳು ಊಟ ಬಿಟ್ಟು ಬರೆದಳು. ಎರಡು ತಿಂಗಳು ಹೀಗೇ ನಡೆಯಿತು, ಯಜಮಾನರ ಬಣ್ಣದ ವಿಷಯ ತಿರುಗಿ ತಿರುಗಿ ಯಜಮಾನರ ಕಿವಿಗೇ ಬೀಳುವ ತನಕ.

“ಚೀಟಿ ಇರೋದು ಕತೆ ಬರೆಯೋಕಲ್ಲಮ್ಮ,” ಎಂದರು ಅವರು. ಜೋರು ಮಾಡಲಿಲ್ಲ. ಮೊಹರನ್ನು ಮೇಜಿನ ನಡುವೆ ತಂದಿಟ್ಟು ಹೋದರು. ಅವಳು ಅಂದು ಸಂಜೆ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು.

ಬರವಣಿಗೆ ಅವಳಿಗೆ ಹೊಸ ಹುಚ್ಚೇನಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಈ ಕೆಲಸಕ್ಕೆ ಸೇರಿದವಳು. ಆದರೂ ಮೂರು ಸಲ ಪತ್ರಿಕೆಗಳಿಗೆ ಬರೆದು ಕಳಿಸಿದ್ದಾಳೆ. ಒಂದಕ್ಕೂ ಉತ್ತರ ಬಂದಿರಲಿಲ್ಲ. ಆ ದಿನ ಬಸ್ಸು ಇಳಿದ ಮೇಲೆ ಅವಳು ಹೇಳಿದ್ದನ್ನು ನಾನು ಮರೆತಿಲ್ಲ. “ನಂಗೆ ಹೆಸರು ಬೇಡ ಕಣೇ. ಗುರುತು ಪರಿಚಯ ಇಲ್ಲದವರೊಬ್ಬರು ನಾನು ಬರೆದಿದ್ದು ಓದಿ, ‘ಇವಳು ಹೇಳಿದ್ದು ಹೌದು’ ಅನ್ನಬೇಕು. ಅಷ್ಟೇ.” ಅಷ್ಟೇ ಅಂತೆ. ಅಷ್ಟಕ್ಕಾಗಿ ಎಷ್ಟು ಜನ ಒದ್ದಾಡಿಕೊಂಡು ಬರೆಯುತ್ತಾರೆ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಬ್ಲಾಗ್ ಮಾಡೋಣ ಎಂದವಳು ನಾನು. ಚೀಟಿ ಯಜಮಾನರದ್ದು, ಇಂಟರ್ನೆಟ್ ಅವರದ್ದಲ್ಲವಲ್ಲ. ಅವರೂ ಒಪ್ಪಿದರು, ಆದರೆ ಷರತ್ತು ಹಾಕಿ: ಲಾಂಡ್ರಿಯ ಹೆಸರು ಬರಬಾರದು, ಗಿರಾಕಿಗಳ ಸುದ್ದಿ ಬರಬಾರದು, ಯಾರ ಬಟ್ಟೆ ಎಂದು ಗೊತ್ತಾಗಬಾರದು. “ಕಲೆ ಬಗ್ಗೆ ಮಾತ್ರ ಬರಿ,” ಎಂದರು. ಮಧ್ಯಾಹ್ನದ ಬಿಡುವಿನಲ್ಲಿ ಇಸ್ತ್ರಿ ಮೇಜಿನ ಮೇಲೆ ಫೋನು ಒರಗಿಸಿ ಕೂತೆವು. ‘ಕಲೆಯ ಮೇಜಿನಿಂದ’ ಎಂದು ಹೆಸರಿಟ್ಟಳು. ಯಾವ ವಿಭಾಗಕ್ಕೆ ಸೇರಿಸಬೇಕು ಎಂದು ಫೋನು ಕೇಳಿತು. ಅಡುಗೆ, ಆರೋಗ್ಯ, ಪ್ರವಾಸ, ಕ್ರೀಡೆ ಎಂದು ಪಟ್ಟಿ ಉದ್ದಕ್ಕಿತ್ತು. ಕೆಳಗೆ ಹೋಗುತ್ತಾ ಹೋಗುತ್ತಾ ನನಗೆ ಖುಷಿಯಾಗಿ ಹೋಯಿತು.

“ಅತ್ತಿಗೆ, ಇಲ್ಲಿ ನೋಡು. ಕಲೆಗೆ ಅಂತಲೇ ಬೇರೆ ವಿಭಾಗ ಇದೆ.”

“ಇರಲೇಬೇಕಲ್ಲ,” ಎಂದಳು ಅವಳು. “ಕಲೆ ಆಗದಿರೋರು ಯಾರಿದ್ದಾರೆ?”

ಒತ್ತಿಬಿಟ್ಟೆ.

ನಿಮಗಾಗಲೇ ನಗು ಬಂದಿರಬಹುದು. ನಮಗೆ ಬರಲಿಲ್ಲ. ಇಪ್ಪತ್ತು ವರ್ಷ ನಮ್ಮ ಬಾಯಲ್ಲಿ ಕಲೆ ಎಂದರೆ ಕಾಲರಿನದು, ಜೇಬಿನದು, ಮೊಣಕೈಯದು. ಅದೇ ಪದ ಇಟ್ಟುಕೊಂಡು ಚಿತ್ರ ಬರೆಯುವವರೂ ಕುಣಿಯುವವರೂ ಕಲ್ಲು ಕೆತ್ತುವವರೂ ಬದುಕುತ್ತಿದ್ದಾರೆ ಎನ್ನುವುದು ಆ ಮಧ್ಯಾಹ್ನ ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಪ್ರತಿ ಬರಹಕ್ಕೂ ಒಂದು ಚಿತ್ರ ಹಾಕಬೇಕಿತ್ತು. ಯಾರ ಬಟ್ಟೆ ಎಂದು ಗೊತ್ತಾಗಬಾರದಲ್ಲ, ಅದಕ್ಕೆ ನಾನು ಕಲೆಯನ್ನು ತೀರಾ ಹತ್ತಿರದಿಂದ ಫೋಟೋ ಹೊಡೆಯುತ್ತಿದ್ದೆ. ಅದರ ಕೆಳಗೆ ಅವಳ ನಾಲ್ಕು ಸಾಲು. ಚೀಟಿಯ ಹಿಂಬದಿಗೆ ಹೊಂದಿಕೊಂಡಿದ್ದ ಕೈ, ಅದಕ್ಕಿಂತ ಉದ್ದ ಬರೆಯಲು ಬರುತ್ತಿರಲಿಲ್ಲ. ‘ಆತುರ ಬೇಡ. ಮೊದಲು ಕಲೆಯ ಹುಟ್ಟು ತಿಳಿದುಕೊಳ್ಳಿ, ಆಮೇಲೆ ಕೈ ಹಾಕಿ.’ ‘ಉಜ್ಜಬೇಡಿ. ಉಜ್ಜಿದಷ್ಟೂ ಕಲೆ ಅಗಲವಾಗುತ್ತದೆ.’ ‘ಯಾವಾಗಲೂ ಅಂಚಿನಿಂದ ನಡುವಿಗೆ ಬನ್ನಿ. ನಡುವಿನಿಂದ ಶುರು ಮಾಡುವವರು ಎಲ್ಲವನ್ನೂ ಕೆಡಿಸುತ್ತಾರೆ.’ ‘ಬಿಸಿ ತಾಗಿದ ಕಲೆ ಶಾಶ್ವತ.’

ಮೊದಲ ತಿಂಗಳು ಓದಿದವರು ಒಂಬತ್ತು ಜನ. ಅದರಲ್ಲಿ ಐದು ಸಲ ನಾನೇ ಓದಿದ್ದೆ. ಬರೆದರಷ್ಟೇ ಸಾಲದು, ಡಂಗುರ ಹೊಡೆಯಬೇಕು ಎಂದು ನಾನು ಸೊಂಟ ಕಟ್ಟಿ ನಿಂತೆ. ನೆಂಟರಿಷ್ಟರ ಗುಂಪುಗಳಿಗೆಲ್ಲ ದಿನಾ ಬೆಳಿಗ್ಗೆ ಲಿಂಕು ಹಾಕಿದೆ. ಚಿಕ್ಕಪ್ಪನ ಮಗ ನನ್ನನ್ನು ಗುಂಪಿನಿಂದ ಹೊರಗೆ ಹಾಕಿದ. ದೊಡ್ಡಮ್ಮನಿಗೆ ಹೇಳಿ ಮತ್ತೆ ಒಳಗೆ ಬಂದೆ. ಅತ್ತಿಗೆ ಇದನ್ನೆಲ್ಲ ನೋಡಿ ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದಳು. “ಹೋಗ್ಲಿ ಬಿಡೇ, ಬೇಕಾದೋರು ಓದ್ತಾರೆ,” ಎನ್ನುತ್ತಿದ್ದಳು. ಬೇಕು ಅಂತ ಗೊತ್ತಾಗೋದಾದರೂ ಹೇಗೆ, ಹೇಳದಿದ್ದರೆ?

ಕೊನೆಗೆ ಕೆಲಸಕ್ಕೆ ಬಂದವನು ಅಣ್ಣ. ಅವನು ಲಿಫ್ಟ್ ರಿಪೇರಿ ಮಾಡುವವನು, ಬಾಯಿಬಿಟ್ಟರೆ ಮುತ್ತು ಉದುರೀತು ಎನ್ನುವ ಜಾತಿ. ಹೆಂಡತಿಯ ಬರವಣಿಗೆಯ ಬಗ್ಗೆ ಒಂದು ದಿನವೂ ಚಕಾರ ಎತ್ತಿದವನಲ್ಲ. ಅವನೊಂದು ದಿನ ನನ್ನ ಹತ್ತಿರ ಬ್ಲಾಗಿನ ವಿಳಾಸ ಬರೆಸಿಕೊಂಡು ಹೋದ. ತಾನು ನೋಡಿಕೊಳ್ಳುವ ಮೂವತ್ತೆರಡು ಲಿಫ್ಟುಗಳಲ್ಲಿ, ಎಷ್ಟು ಜನ ಹತ್ತಬಹುದು ಎಂದು ಬರೆದ ಫಲಕದ ಕೆಳಗೆ, ‘ಕಲೆಯ ಬಗ್ಗೆ ಓದಿ’ ಎಂಬ ಪುಟ್ಟ ಚೀಟಿ ಅಂಟಿಸಿದ. ಲಿಫ್ಟಿನಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡುವುದಿಲ್ಲವಂತೆ, ಗೋಡೆಯ ಮೇಲೆ ಏನಿದ್ದರೂ ಓದುತ್ತಾರಂತೆ. ಹದಿನೈದು ವರ್ಷದ ಅನುಭವದಿಂದ ಅವನು ಹೇಳಿದ ಈ ಮಾತು ನನ್ನ ಎಲ್ಲ ಡಂಗುರವನ್ನೂ ಮೀರಿಸಿತು. ಓದುವವರು ಒಂಬತ್ತರಿಂದ ಇನ್ನೂರಾದರು, ಇನ್ನೂರು ಎರಡು ಸಾವಿರವಾಯಿತು.

ಕಾಮೆಂಟುಗಳೂ ಬಂದವು, ಸ್ವಲ್ಪ ವಿಚಿತ್ರವಾಗಿ. ‘ಉಜ್ಜಬೇಡಿ’ ಎಂಬ ಬರಹದ ಕೆಳಗೆ ಒಬ್ಬರು, ‘ಈ ಒಂದು ಮಾತಿಗಾಗಿ ನಲವತ್ತು ವರ್ಷ ಕಾದಿದ್ದೆ’ ಎಂದು ಬರೆದಿದ್ದರು.

“ಪಾಪ,” ಎಂದಳು ಅತ್ತಿಗೆ. “ಯಾವ ಅಂಗಿಯೋ ಏನೋ.”

ಇನ್ನೊಬ್ಬರು, ‘ನೀವು ಯಾವ ಮಾಧ್ಯಮದಲ್ಲಿ ಹೆಚ್ಚು ಕೆಲಸ ಮಾಡುತ್ತೀರಿ?’ ಎಂದು ಕೇಳಿದರು. ಅವಳು ಸ್ವಲ್ಪ ಯೋಚಿಸಿ, ‘ಹತ್ತಿ. ಉಣ್ಣೆ ಕಷ್ಟ, ರೇಷ್ಮೆಗೆ ಈಗಲೂ ಹೆದರುತ್ತೇನೆ’ ಎಂದು ಉತ್ತರ ಕೊಟ್ಟಳು. ‘ಹೊಸ ಕಲೆಯ ಬಗ್ಗೆ ನಿಮ್ಮ ಅಭಿಪ್ರಾಯ?’ ಎಂದು ಮತ್ತೊಬ್ಬರು. ಅದಕ್ಕೆ ಅವಳು, ‘ಹೊಸದು ಬೇಗ ಹೋಗುತ್ತದೆ, ಹಳೆಯದೇ ಗಟ್ಟಿ’ ಎಂದು ಬರೆದಳು. ಆ ಒಂದು ಸಾಲಿನ ಕೆಳಗೆ ವಯಸ್ಸಾದವರೆಲ್ಲ ಒಂದು ಕಡೆ, ಹುಡುಗರೆಲ್ಲ ಒಂದು ಕಡೆ ಆಗಿ ವಾರವಿಡೀ ಕಿತ್ತಾಡಿದರು. “ಕಲೆ ತೆಗೆಯೋದರಲ್ಲೂ ಇಷ್ಟು ಜಗಳ ಇದೆಯಾ?” ಎಂದು ಅವಳು ಬೆರಗಾದಳು. ನಾನು ಮಾತ್ರ ಎದೆಯುಬ್ಬಿಸಿ ಓಡಾಡಿದೆ. ನಮ್ಮ ಮನೆಯವಳ ಒಂದು ಸಾಲಿಗೆ ಊರೆಲ್ಲ ಜಗಳವಾಡುತ್ತಿದೆ ಎಂದರೆ ಸುಮ್ಮನೆಯೇ?

ಆ ದಿನಗಳಲ್ಲಿ ಅವಳನ್ನು ನೋಡಬೇಕಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಕಾಮೆಂಟು ಓದಿ, ಮಧ್ಯಾಹ್ನ ಉತ್ತರ ಬರೆದು, ಸಂಜೆ ಬಸ್ಸಿನಲ್ಲಿ ನಾಳೆಯ ನಾಲ್ಕು ಸಾಲನ್ನು ಬಾಯಲ್ಲೇ ಹೇಳಿಕೊಳ್ಳುತ್ತಾ ಬರುತ್ತಿದ್ದಳು. “ಗುರುತಿಲ್ಲದವರು ಕಣೇ, ಎಲ್ಲ ಗುರುತಿಲ್ಲದವರು,” ಎಂದು ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ.

ಎಂಟನೇ ತಿಂಗಳಲ್ಲಿ ಒಂದು ಪತ್ರ ಬಂತು. ಬರೆದವರು ಕಲಾವಿದರ ಸಂಘವೊಂದರ ಕಾರ್ಯದರ್ಶಿ. ಅವರು ಐದನೇ ಮಹಡಿಗೆ ಹೋಗುವಾಗ ಲಿಫ್ಟ್ ಕೆಟ್ಟು ನಡುವೆ ನಿಂತಿತಂತೆ. ಮುಕ್ಕಾಲು ಗಂಟೆ ಓದಲು ಬೇರೇನೂ ಇಲ್ಲದೆ ‘ಕಲೆಯ ಮೇಜಿನಿಂದ’ ಬ್ಲಾಗನ್ನು ಮೊದಲಿನಿಂದ ಕೊನೆಯವರೆಗೆ ಓದಿದರಂತೆ. ಸಂಘದ ವಾರ್ಷಿಕ ಸಭೆಯಲ್ಲಿ ಅತ್ತಿಗೆ ಮಾತನಾಡಬೇಕು, ಸಂಘದ ಪತ್ರಿಕೆಗೆ ವಾರವಾರ ಬರೆಯುವ ಬಗ್ಗೆಯೂ ಅಂದೇ ಮಾತಾಡೋಣ ಎಂದು ಬಹಳ ಮರ್ಯಾದೆಯಿಂದ ಬರೆದಿದ್ದರು. ಮಾತನಾಡಬೇಕಾದ ವಿಷಯವನ್ನೂ ಅವರೇ ಸೂಚಿಸಿದ್ದರು: ‘ಕಲೆಯನ್ನು ಉಳಿಸುವುದು ಹೇಗೆ?’

ಅವಳು ಹುಬ್ಬು ಗಂಟಿಕ್ಕಿದಳು. “ಉಳಿಸೋದಾ? ತೆಗೆಯೋದು ಅಂತ ಇರಬೇಕು. ತಪ್ಪಾಗಿ ಟೈಪಾಗಿದೆ ಅಲ್ವಾ?”

ನನಗೇನೋ ಅನುಮಾನ ಬಂತು. ಫೋನು ಕಿತ್ತುಕೊಂಡು ಆ ವಿಭಾಗದ ಉಳಿದ ಬ್ಲಾಗುಗಳನ್ನು ತೆರೆದು ನೋಡಿದೆ. ಒಂದರಲ್ಲಿ ಬಣ್ಣದ ಚಿತ್ರ, ಒಂದರಲ್ಲಿ ನೃತ್ಯ, ಒಂದರಲ್ಲಿ ಮಣ್ಣಿನ ಮೂರ್ತಿ. ಎಲ್ಲೂ ಒಂದು ಕಾಲರಿಲ್ಲ. ನನ್ನ ಮುಖ ನೋಡಿಯೇ ಅವಳಿಗೆ ಅರ್ಥವಾಯಿತೆಂದು ಕಾಣುತ್ತದೆ, ಮುಖ ನೋಡಿ ಏನೂ ತಿಳಿಯದವಳಿಗೆ. ಫೋನು ತೆಗೆದುಕೊಂಡು ಹಳೆಯ ಕಾಮೆಂಟುಗಳನ್ನೆಲ್ಲ ಒಂದೊಂದಾಗಿ ಮತ್ತೆ ಓದಿದಳು. ನಲವತ್ತು ವರ್ಷ ಕಾದವರದ್ದು, ಮಾಧ್ಯಮ ಕೇಳಿದವರದ್ದು, ಜಗಳವಾಡಿದವರದ್ದು. ಓದಿ ಮುಗಿಸಿ ಫೋನನ್ನು ಮಗುಚಿ ಇಟ್ಟಳು.

ನನಗೆ ನಗು ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ಆ ನಗುವಿಗಾಗಿ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

“ಹಾಗಾದ್ರೆ ನನ್ನನ್ನ ಯಾರೂ ಓದೇ ಇಲ್ಲ,” ಎಂದಳು ಅವಳು. “ಅವರು ಓದಿದ್ದು ಬೇರೆ ಯಾರನ್ನೋ.”

ಎಷ್ಟೋ ಸಮಾಧಾನ ಹೇಳಿದೆ. ಬಾಯಿಗೆ ಬಂದ ಉಪಾಯವನ್ನೂ ಹೇಳಿದೆ: ಎರಡೂ ಅರ್ಥ ಬರುವ ಹಾಗೆ ಅರ್ಧ ಗಂಟೆ ಮಾತಾಡಿ ಬಂದುಬಿಡು, ಯಾರಿಗೂ ತಿಳಿಯುವುದಿಲ್ಲ, ವಾರವಾರ ಬರೆಯುವ ಅವಕಾಶವೂ ಸಿಗುತ್ತದೆ. “ಇದು ಚಹಾ ಅಂತ ಬರೆಸಿದ ಹಾಗಾಯ್ತು,” ಎಂದಳು. ಬರಲು ಆಗುವುದಿಲ್ಲ ಎಂದು ಉತ್ತರ ಬರೆ ಎಂದು ನನಗೆ ಹೇಳಿ ಎದ್ದು ಹೋದಳು. ಎರಡು ವಾರ ಬ್ಲಾಗಿನಲ್ಲಿ ಒಂದು ಸಾಲೂ ಬರಲಿಲ್ಲ. ಬಸ್ಸಿನಲ್ಲಿ ಬಾಯಲ್ಲಿ ಹೇಳಿಕೊಳ್ಳುವುದೂ ನಿಂತಿತು. ಕಷ್ಟದ ಕಲೆಯಿದ್ದ ಎಲ್ಲ ಬಟ್ಟೆಗೂ ಆ ಹಳೆಯ ಮೊಹರನ್ನು ಒತ್ತಿ ಕಳಿಸಿದಳು.

ನಾನು ಉತ್ತರ ಬರೆಯಲಿಲ್ಲ. ಹೇಳಿದ ಮಾತು ಕೇಳುವ ನಾದಿನಿ ಬೇಕಿದ್ದರೆ ಬೇರೆ ಮನೆ ನೋಡಿಕೊಳ್ಳಬೇಕಿತ್ತು ಅವಳು.

ಅಷ್ಟರಲ್ಲಿ ಒಂದು ಅಂಗಿ ಬಂತು. ತಂದವಳು ಬಸ್ ಕಂಡಕ್ಟರ್, ಸಮವಸ್ತ್ರದಲ್ಲೇ ಇದ್ದಳು. ಕಾಗದದಲ್ಲಿ ಸುತ್ತಿದ್ದ ಹಳೆಯ ಬಿಳಿ ಅಂಗಿಯನ್ನು ಕೌಂಟರಿನ ಮೇಲೆ ಬಿಚ್ಚಿದಳು. ಮಡಿಕೆಗಳೆಲ್ಲ ಹಳದಿಯಾಗಿದ್ದವು. ಎದೆಯ ಜೇಬಿನ ಕೆಳಗೆ ಹುಣಸೆ ಬೀಜದಷ್ಟು ನೀಲಿ.

“ಕಲೆ ಎಲ್ಲಿ ಅಂತ ಬರೀಲಿ?” ಎಂದೆ.

“ಜೇಬಿನ ಕೆಳಗೆ. ಶಾಯಿ. ಅಪ್ಪನ ಪೆನ್ನು ಸೋರಿದ್ದು.”

“ಎಷ್ಟು ದಿನ ಆಯ್ತು?”

“ಹನ್ನೊಂದು ವರ್ಷ.” ಆಮೇಲೆ ಸ್ವಲ್ಪ ಗಟ್ಟಿಯಾಗಿ ಹೇಳಿದಳು: “ಇದನ್ನ ಬಿಟ್ಟು ಉಳಿದದ್ದು ತೊಳೀರಿ. ಈ ಕಲೆ ಹೋಗಬಾರದು.”

ಅವಳು ಹೇಳಿದ ಹಾಗೆಯೇ ಬರೆದು ಒಳಗೆ ಕಳಿಸಿದೆ. ಅತ್ತಿಗೆ ಚೀಟಿಯನ್ನು ಎರಡು ಸಲ ಓದಿದಳು. ಹಳದಿ ತೆಗೆಯುವ ಯಾವ ಮದ್ದು ಹಾಕಿದರೂ ಶಾಯಿಯೂ ಕರಗುತ್ತದೆ. ಶಾಯಿ ಉಳಿಸಿದರೆ ಹಳದಿ ಹೋಗುವುದಿಲ್ಲ. ಕಲೆ ತೆಗೆಯಲು ಹನ್ನೊಂದು ಬಾಟಲಿ ಇದ್ದ ಕೋಣೆಯಲ್ಲಿ ಕಲೆ ಉಳಿಸಲು ಒಂದೂ ಇರಲಿಲ್ಲ.

ಮೂರು ದಿನ ಅವಳು ಆ ಮೇಜು ಬಿಟ್ಟು ಏಳಲಿಲ್ಲ. ಮೊದಲು ಚಿಂದಿಯ ಮೇಲೆ ಶಾಯಿ ಚೆಲ್ಲಿ ಪರೀಕ್ಷೆ ಮಾಡಿದಳು. ಆಮೇಲೆ ಮೇಣ ಕರಗಿಸಿ ಆ ನೀಲಿಯ ಮೇಲೆ, ಒಳಗೂ ಹೊರಗೂ, ಕೂದಲೆಳೆಯ ಕುಂಚದಿಂದ ತೆಳ್ಳಗೆ ಹಚ್ಚಿದಳು. ನೀರು ಅದರ ಹತ್ತಿರ ಸುಳಿಯದ ಹಾಗೆ ಅಂಗಿಯ ಒಂದೊಂದು ಭಾಗವನ್ನು ಬೇರೆ ಬೇರೆಯಾಗಿ ಹಳದಿಯ ಮದ್ದು ಹಾಕಿ ತಣ್ಣೀರಿನಲ್ಲಿ ತೊಳೆದಳು. ಕೊನೆಗೆ ಮೇಣ ಹೀರುವ ಒರಟು ಕಾಗದ ಇಟ್ಟು, ಇಸ್ತ್ರಿಪೆಟ್ಟಿಗೆಯ ಹದವಾದ ಕಾವಿನಲ್ಲಿ ಮೇಣ ತೆಗೆದಳು. ಅಂಗಿ ಬೆಳ್ಳಗಾಗಿತ್ತು. ನೀಲಿ ಇದ್ದಲ್ಲೇ ಇತ್ತು. ಕಂಡಕ್ಟರ್ ಬಂದು ಆ ಜಾಗದ ಮೇಲೆ ಬೆರಳಾಡಿಸಿದಳು, ಅಂಗಿಯನ್ನು ಎದೆಗೆ ಒತ್ತಿಕೊಂಡು ಹೋದಳು.

ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತಿಗೆ ನನ್ನ ಹತ್ತಿರ ಬಂದಳು.

“ಆ ಪತ್ರಕ್ಕೆ ಉತ್ತರ ಬರೆದ್ಯಾ?”

“ಇಲ್ಲ.”

“ಗೊತ್ತಿತ್ತು. ಬರ್ತೀನಿ ಅಂತ ಬರಿ. ವಿಷಯ ಅದೇ ಇರಲಿ.”

ಸಭೆಯ ದಿನ ಅಣ್ಣ ರಜೆ ಹಾಕಿ ಬಂದ. ಅದೇ ಕಟ್ಟಡ, ಅದೇ ಐದನೇ ಮಹಡಿ. ಮಹಾರಾಯ ಲಿಫ್ಟಿನಲ್ಲಿ ನಮ್ಮನ್ನು ನಿಲ್ಲಿಸಿಕೊಂಡು ಮೇಲೆ ಹೋಗುವಷ್ಟು ಹೊತ್ತೂ ಅದರ ಸದ್ದಿಗೆ ಕಿವಿಗೊಟ್ಟಿದ್ದ. ಸಭಾಂಗಣದ ತುಂಬ ನೂರೈವತ್ತು ಜನ. ಗೋಡೆಯ ಮೇಲೆಲ್ಲ ದೊಡ್ಡ ದೊಡ್ಡ ಚಿತ್ರಗಳು. ಕಾರ್ಯದರ್ಶಿಗಳು ಅತ್ತಿಗೆಯನ್ನು ‘ಕಲೆಯ ಒಳಹೊರಗನ್ನು ಬಲ್ಲ ಅಪರೂಪದ ಚಿಂತಕಿ’ ಎಂದು ಪರಿಚಯಿಸಿದರು. ನಾನು ಕುರ್ಚಿಯ ಕೈ ಬಿಗಿಯಾಗಿ ಹಿಡಿದೆ. ಕೆನೆ ಬಣ್ಣದ ಅಂಗಿ ತೊಟ್ಟು, ಕೈಯಲ್ಲಿ ನಮ್ಮ ಲಾಂಡ್ರಿಯ ಒಂದು ಕಟ್ಟು ಖಾಲಿ ಚೀಟಿ ಹಿಡಿದು ಅವಳು ಮೈಕಿನ ಮುಂದೆ ನಿಂತಳು.

“ಮೊದಲು ಒಂದು ಮಾತು ಹೇಳಿಬಿಡ್ತೀನಿ,” ಎಂದಳು. “ನಾನು ಕಲಾವಿದೆ ಅಲ್ಲ. ಲಾಂಡ್ರಿಯಲ್ಲಿ ಕಲೆ ತೆಗೆಯೋಳು. ಎಣ್ಣೆ ಕಲೆ, ಶಾಯಿ ಕಲೆ, ರಕ್ತದ ಕಲೆ. ಇಷ್ಟು ದಿನ ಬರೆದಿದ್ದೆಲ್ಲ ಅದರ ಬಗ್ಗೆನೇ. ವಿಭಾಗ ಆರಿಸೋವಾಗ ನಾನು ಸರಿಯಾಗಿ ನೋಡಲಿಲ್ಲ, ತಪ್ಪು ನಂದು. ಎದ್ದು ಹೋಗೋರು ಹೋಗಬಹುದು, ನಂಗೇನೂ ಬೇಜಾರಿಲ್ಲ.”

ವಿಭಾಗ ಆರಿಸಿದವಳು ನಾನು. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಯಾರೂ ಎದ್ದು ಹೋಗಲಿಲ್ಲ. ಕಾರ್ಯದರ್ಶಿಗಳ ಮುಖ ಸುಣ್ಣ ಬಳಿದಂತಾಗಿತ್ತು. ಆಗ ಮೊದಲ ಸಾಲಿನಲ್ಲಿದ್ದ, ಬೆರಳುಗಳಿಗೆಲ್ಲ ಬಣ್ಣ ಮೆತ್ತಿಕೊಂಡಿದ್ದ ಮುದುಕಿಯೊಬ್ಬರು ಕೂತಲ್ಲಿಂದಲೇ ಕೇಳಿದರು. “ಹಾಗಾದ್ರೆ ಉಜ್ಜಬೇಡಿ ಅಂತ ಬರೆದಿದ್ರಲ್ಲ, ಅದು?”

“ಉಜ್ಜಬಾರದು ಅಂತಲೇ ಅಮ್ಮ.”

ಮೊದಲು ನಕ್ಕವರು ಆ ಮುದುಕಿ. ಆಮೇಲೆ ಇಡೀ ಸಭೆ ನಕ್ಕಿತು, ಕುರ್ಚಿಗಳು ಕಿರುಗುಟ್ಟುವ ಹಾಗೆ. ಅವಳನ್ನು ನೋಡಿ ನಗುತ್ತಿದ್ದಾರೋ ತಮ್ಮನ್ನು ನೋಡಿಕೊಂಡು ನಗುತ್ತಿದ್ದಾರೋ ನನಗೆ ತಿಳಿಯಲಿಲ್ಲ. ನಗು ಅಡಗುವವರೆಗೂ ಅವಳು ಚೀಟಿಯ ಕಟ್ಟನ್ನು ಹಿಡಿದು ಕಾದಳು. ಆಮೇಲೆ, “ಕಲೆ ಉಳಿಸೋದು ಹೇಗೆ ಅಂತ ಕೇಳಿದ್ದೀರಿ. ನಾನು ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಕಲೆ ಉಳಿಸಿದ್ದೀನಿ. ಅದನ್ನ ಹೇಳ್ತೀನಿ,” ಎಂದಳು.

ಆ ಅಂಗಿಯ ಕತೆ ಹೇಳಿದಳು. ಯಾರ ಅಂಗಿ ಎನ್ನಲಿಲ್ಲ, ಯಜಮಾನರ ಷರತ್ತು ಅಲ್ಲಿಯೂ ಮುರಿಯಲಿಲ್ಲ. ಮೇಣ ಎಷ್ಟು ತೆಳ್ಳಗಿರಬೇಕು, ನೀರು ಎಲ್ಲಿಯವರೆಗೆ ಬರಬಹುದು, ಕೈ ಎಲ್ಲಿ ನಡುಗಿತು, ಎಲ್ಲವನ್ನೂ ಹೇಳಿದಳು. “ತೆಗೆಯೋದು ಸುಲಭ. ಉಳಿಸಬೇಕು ಅಂದ್ರೆ ಸುತ್ತಲಿನ ಒಂದೊಂದು ದಾರದ ಮೇಲೂ ಕಣ್ಣಿರಬೇಕು. ನಂಗೆ ಗೊತ್ತಿರೋದು ಇಷ್ಟೇ,” ಎಂದು ಕೈ ಮುಗಿದಳು. ಹನ್ನೆರಡು ನಿಮಿಷವೂ ಆಗಿರಲಿಲ್ಲ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಣ್ಣನೂ ತಟ್ಟಿದ, ನಿಲ್ಲಿಸುವುದು ಯಾವಾಗ ಎಂದು ತಿಳಿಯದೆ ಎಲ್ಲರಿಗಿಂತ ಹೆಚ್ಚು ಹೊತ್ತು. ಬಣ್ಣದ ಬೆರಳಿನ ಆ ಮುದುಕಿ ಕೋಲೂರಿಕೊಂಡು ವೇದಿಕೆಯ ಹತ್ತಿರ ಬಂದರು. “ನಲವತ್ತು ವರ್ಷ ಕಾದಿದ್ದೆ ಅಂತ ಬರೆದಿದ್ದು ನಾನೇ,” ಎಂದರು. “ನಾನು ನನ್ನ ಚಿತ್ರಗಳನ್ನೆಲ್ಲ ಉಜ್ಜಿ ಉಜ್ಜಿ ಕೆಡಿಸಿದವಳು. ನೀನು ಅಂಗಿ ಬಗ್ಗೆ ಬರೆದಿರು, ಯಾವುದರ ಬಗ್ಗೆಯಾದ್ರೂ ಬರೆದಿರು. ನೀನು ಹೇಳಿದ್ದು ಹೌದು ಮಗಳೇ.”

ಗುರುತು ಪರಿಚಯ ಇಲ್ಲದ ಆ ಮುದುಕಿಗೆ ಆ ಮಾತನ್ನು ಹೇಳಿಕೊಟ್ಟವರು ಯಾರೂ ಇಲ್ಲ. ಅತ್ತಿಗೆ ತುಟಿ ಕಚ್ಚಿಕೊಂಡು ನನ್ನ ಕಡೆ ನೋಡಿದಳು. ನಾನು ಅತ್ತುಬಿಟ್ಟೆ. ಹೆಮ್ಮೆಗೆ ಅಳು ಬರುತ್ತದೆ ಎಂದು ಕೇಳಿದ್ದೆ, ನಂಬಿರಲಿಲ್ಲ. ಮುದುಕಿ, “ನಂಗೊಂದು ಚೀಟಿ ಬರೆದುಕೊಡು,” ಎಂದರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಕಾರ್ಯದರ್ಶಿಗಳು ತಮ್ಮ ಶಾಯಿ ಪೆನ್ನನ್ನೇ ತೆಗೆದುಕೊಟ್ಟರು. ತಂದ ಕಟ್ಟು ಮುಗಿಯುವ ತನಕ ಅವಳು ನಿಂತೇ ಬರೆದಳು.

ಆಮೇಲಿನದ್ದನ್ನು ಚುಟುಕಾಗಿ ಹೇಳುತ್ತೇನೆ. ಅವಳ ಬರಹ ಈಗ ಆ ಪತ್ರಿಕೆಯಲ್ಲಿ ವಾರವಾರ ಬರುತ್ತದೆ. ಯಾವ ವಿಭಾಗದಲ್ಲಿ ಹಾಕೋಣ ಎಂದು ಕಾರ್ಯದರ್ಶಿಗಳು ನಗುತ್ತಾ ಕೇಳಿದ್ದಕ್ಕೆ, “ಕಲೆ ವಿಭಾಗದಲ್ಲೇ ಇರಲಿ, ಅಲ್ಲೇ ಅಭ್ಯಾಸ ಆಗಿದೆ,” ಎಂದಳು. ಹೆಸರಿನ ಕೆಳಗೆ ‘ಕಲೆ ತೆಗೆಯುವವಳು’ ಎಂದು ಅಚ್ಚಾಗುತ್ತದೆ. ಬ್ಲಾಗು ನಿಂತಿಲ್ಲ, ಅಣ್ಣನ ಲಿಫ್ಟುಗಳು ಮೂವತ್ತೆರಡರಿಂದ ನಲವತ್ತಾಗಿವೆ. ಯಜಮಾನರು ಮೊದಲ ಬರಹವನ್ನು ಕತ್ತರಿಸಿ ಚೌಕಟ್ಟು ಹಾಕಿಸಿ ಕೌಂಟರಿನ ಮೇಲೆ ನೇತುಹಾಕಿದ್ದಾರೆ. ಹೊಸ ಚೀಟಿ ಅಚ್ಚು ಹಾಕಿಸುವಾಗ ಹಿಂಬದಿಗೆ ಗೆರೆ ಎಳೆಸಿದರು, ಬರೆಯಲು ಅನುಕೂಲವಾಗಲಿ ಎಂದು. ತಮ್ಮ ಅಂಗಿ ಕೊಡುವಾಗ ಈಗ ಅವರೇ ಹೇಳುತ್ತಾರೆ: “ಕಾಲರು. ಕೂದಲ ಬಣ್ಣ. ನಿನ್ನೆ.”

ಆದರೆ ನಾನು ಹೇಳಬೇಕೆಂದಿದ್ದು ಸಭೆಯ ಮರುದಿನ ಬೆಳಿಗ್ಗೆಯದು. ಅಂಗಡಿ ತೆರೆದು ನಾನು ಪಿನ್ನಿನ ಡಬ್ಬಿ ತುಂಬಿಸುತ್ತಿದ್ದೆ. ಅತ್ತಿಗೆ ಹಿಂದಿನ ಕೋಣೆಗೆ ಹೋಗುವ ಬದಲು ಕೌಂಟರಿನ ಆಚೆ, ಗಿರಾಕಿಗಳು ನಿಲ್ಲುವ ಕಡೆ ಬಂದು ನಿಂತಳು. ಹಿಂದಿನ ದಿನದ ಕೆನೆ ಬಣ್ಣದ ಅಂಗಿಯನ್ನು ಮುಂದಿಟ್ಟಳು.

“ಚೀಟಿ ಬರಿ,” ಎಂದಳು.

ನಾನೂ ಗಂಭೀರವಾಗಿ ಪೆನ್ನು ತೆಗೆದೆ. “ಕಲೆ ಎಲ್ಲಿ?”

“ಬಲಗೈ ತೋಳಿನ ಅಂಚು.”

“ಯಾವುದರಿಂದ?”

“ಶಾಯಿ. ಬರೆಯೋವಾಗ ಆಗಿದ್ದು.”

“ಎಷ್ಟು ದಿನ ಆಯ್ತು?”

“ನಿನ್ನೆ.”

ನಿನ್ನೆಯ ಶಾಯಿ ಎಂದರೆ ಅವಳಿಗೆ ಎಡಗೈ ಆಟ. ಮೂರನೇ ಬಾಟಲಿ, ಒಂದು ತುಂಡು ಬನಿಯನ್ನು, ಹತ್ತು ನಿಮಿಷ. ಇದಕ್ಕೆ ಚೀಟಿ ಯಾಕೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಚೀಟಿ ಮಗುಚಿ, ಹಿಂಬದಿಯಲ್ಲಿ ನಿಧಾನವಾಗಿ, ದುಂಡಗಿನ ಅಕ್ಷರದಲ್ಲಿ ಬರೆದಳು: ‘ಇದನ್ನು ಬಿಟ್ಟು ಉಳಿದದ್ದು ತೊಳೆಯಿರಿ.’